ಮೌಸ್ ಬಿಟ್ಟು ಗುದ್ದಲಿ ಹಿಡಿಯುವ ಮುಂಚೆ ಒಂದು ಮಳೆಗಾಲ ನೋಡಿ

ಕೆಲಸಕ್ಕೆ ಈಗಲೇ ರಾಜೀನಾಮೆ ಕೊಡಬೇಡಿ. ಗ್ರಾಫಿಕ್ ಡಿಸೈನ್ ಸಾಕಾಗಿದೆ, ಮಲೆನಾಡಿನಲ್ಲಿ ವಿಷ ಹಾಕದ ಕೈತೋಟ ಮಾಡಿಕೊಡುತ್ತೇನೆ ಅಂತ ಬರುವವರಿಗೆ ನಾನು ಮೊದಲು ಹೇಳುವುದೇ ಇದು. ಒಂದು ಮಳೆಗಾಲ ಪೂರ್ತಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ನಾನು ನೋಡಿರಲಿಲ್ಲ. ತೀರ್ಥಹಳ್ಳಿ ಹತ್ತಿರದ ಮನೆಯೊಂದಕ್ಕೆ ಏಪ್ರಿಲ್‌ನಲ್ಲಿ ತೋಟ ಮಾಡಿಕೊಟ್ಟೆ. ಪೋಸ್ಟರ್‌ಗೆ ಬಣ್ಣ ಜೋಡಿಸಿದ ಹಾಗೆ ಗಿಡ ಜೋಡಿಸಿದ್ದೆ. ಜುಲೈನಲ್ಲಿ ಪಾತಿ ತುಂಬ ನೀರು ನಿಂತು ಅರ್ಧ ಗಿಡಗಳ ಬುಡವೇ ಕೊಳೆಯಿತು.

ಹಾಗಾಗಿ ಶುರು ಮಾಡುವುದು ಜೂನ್‌ನಲ್ಲಿ. ಜೋರು ಮಳೆ ಹೊಡೆಯುವಾಗಲೇ ಕೊಡೆ ಹಿಡಿದು ಅಂಗಳಕ್ಕಿಳಿಯಿರಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಓಡುತ್ತದೆ, ಎಲ್ಲಿ ಕೆಂಪಗೆ ಮಡುಗಟ್ಟುತ್ತದೆ ನೋಡಿ ಅಡಿಕೆ ದಬ್ಬೆಯ ಗೂಟ ಹೊಡೆಯಿರಿ. ಮಳೆ ಬಿಟ್ಟ ಮೇಲೆ ಗೂಟದಿಂದ ಗೂಟಕ್ಕೆ ಟೇಪ್ ಹಿಡಿದು ನಕ್ಷೆ ಬರೆಯಿರಿ. ಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕ ಸಾಕು. ನಕ್ಷೆಯಲ್ಲಿ ಬಸಿಗಾಲುವೆ ಮೊದಲು, ಗಿಡ ಆಮೇಲೆ. ಅಡಿಕೆ ತೋಟದವರೂ ಹಾಗೇ ಮಾಡುವುದು, ಅಲ್ವಾ?

ಮಣ್ಣು ಪರೀಕ್ಷೆ ಮಾಡಿಸದೆ ಸುಮ್ನೆ ಸುಣ್ಣ ಎರಚಬೇಡಿ. ಜಾಸ್ತಿ ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ನಮ್ಮ ಮಣ್ಣು ಹುಳಿಯಾಗಿರುತ್ತದೆ, ನಿಜ. ಎಷ್ಟು ಹುಳಿ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಆರೇಳು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಪರೀಕ್ಷೆಗೆ ಕೊಟ್ಟರೆ ಆಯಿತು. ದರಗೆಲೆ ಸುಡುವುದನ್ನು ನಿಲ್ಲಿಸಿ. ಅದನ್ನೇ ಗಿಡದ ಬುಡಕ್ಕೆ ತಾಗದ ಹಾಗೆ ಸುತ್ತ ಹೊದಿಸಿ.

ದುಡ್ಡಿನ ವಿಷಯ. ಇಬ್ಬರು ಮೂವರು ಹಳೇ ಗಿರಾಕಿಗಳನ್ನು ಉಳಿಸಿಕೊಳ್ಳಿ. ನೆಡುವ ಕೆಲಸ ಹೆಚ್ಚಾಗಿ ಮಳೆ ಹಿಡಿದ ಮೇಲೆಯೇ. ಬೇಸಿಗೆಯಲ್ಲಿ ಲೋಗೊ, ಆಮಂತ್ರಣ ಪತ್ರಿಕೆಗಳೇ ಮನೆ ನಡೆಸುತ್ತವೆ. ನಕ್ಷೆಗೆ ಬೇರೆ, ನೆಡುವುದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಿ. ಮುಂದಿನ ನಿಗಾ ಯಾರದ್ದು ಅಂತ ಬರೆದುಕೊಡಿ.

ಡಿಸೈನರ್ ಕಣ್ಣು ನಿಜಕ್ಕೂ ಉಪಯೋಗಕ್ಕೆ ಬರುವುದು ಗಿಡ ಆರಿಸುವಾಗ. ಮೇಲೆ ರಂಜದ ಮರ, ನಡುವೆ ಕೇಪಳದ ಪೊದೆ, ತೇವದ ನೆಲಕ್ಕೆ ಒಂದೆಲಗ. ಪದರ ಜೋಡಿಸುವುದು ನಿಮಗೆ ಗೊತ್ತೇ ಇದೆ. ಜೊತೆಗೆ, ಇದನ್ನು ತಿನ್ನಲು ಯಾರು ಬರುತ್ತಾರೆ ಅಂತಲೂ ಕೇಳಿಕೊಳ್ಳಿ. ಈಶ್ವರಿ ಬಳ್ಳಿ ಇದ್ದರೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡಲು ಬರಬಹುದು. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಅಂಟಿಕೊಂಡಿದ್ದರೆ ಒರೆಸಬೇಡಿ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಇರಬಹುದು. ದೊಡ್ಡದಾದಾಗ ಎಲೆಯದೇ ಹಸಿರು ಬರುತ್ತದೆ. ಎಲೆ ತೂತಾಗಿದೆ, ಔಷಧಿ ಹೊಡೆಯಲಾ ಅಂತ ಮನೆಯವರು ಫೋನ್ ಮಾಡಿದರೆ ಅವತ್ತೇ ಹೋಗಿ, ಪಕ್ಕ ನಿಂತು ಹುಳ ತೋರಿಸಿ.