ಊಸ್ ಅಂದರೆ ಮನೆಯೋ, ಹೊರಗೋ?

ನನ್ನ ಅಕ್ಕನ ಮಗ ಒಂದು ಭಾಷೆ ಕಟ್ಟುತ್ತಿದ್ದಾನೆ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್‌ಗಳ ಬಳಗಕ್ಕೆ ಸೇರಿದ, ಆದರೆ ಯಾವ ದೇಶದಲ್ಲೂ ಯಾರೂ ಆಡದ ಜರ್ಮಾನಿಕ್ ಭಾಷೆ. ಹೊಸ ಹುಚ್ಚೇನಲ್ಲ ಬಿಡಿ. ಎಲಿಯಾಸ್ ಮೋಲಿ ಎಂಬ ಅಮೆರಿಕದವನು 1902ರಲ್ಲೇ ಟ್ಯೂಟೋನಿಷ್ ಅಂತ ಇಂಥದ್ದೊಂದನ್ನು ಅಚ್ಚು ಹಾಕಿಸಿದ್ದ. ಹುಡುಗ ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ಪದ ಕಳಿಸುತ್ತಾನೆ, ನಾನು ಸೋಮವಾರಪೇಟೆಯಲ್ಲಿ ಕೂತು ಅದರ ಮೂಲ ಹೇಳಬೇಕು. ಮಳೆ ಹಿಡಿದು ತೋಟದ ಕೆಲಸ ನಿಂತ ದಿನಗಳಿಗೆ ಒಳ್ಳೇ ಕಾಲಕ್ಷೇಪ.

ಒಂಟಿ ಪದಕ್ಕೆ ನಾನು ಉತ್ತರ ಕೊಡುವುದೇ ಇಲ್ಲ. ಕಿವಿಗೆ ಹತ್ತಿರ ಕೇಳಿಸಿತು ಅಂತ ಮೂಲ ಹೇಳಹೊರಟರೆ ಅದು ಜ್ಯೋತಿಷ್ಯ. ಮೊದಲು ಎಣಿಕೆ, ಅಂಗಾಂಗ, ನೀರು-ನಿಡಿ ಇಂಥ ಪದಗಳನ್ನು ಒಟ್ಟಿಗೆ ಕೇಳುತ್ತೇನೆ. ಇವನ್ನು ಭಾಷೆಗಳು ಸುಲಭಕ್ಕೆ ಕಡ ತರುವುದಿಲ್ಲ. ಅವನು ಕೊಟ್ಟದ್ದು: ಹತ್ತಕ್ಕೆ ಸೇನ್, ಪಾದಕ್ಕೆ ಫೋಸ್, ನೀರಿಗೆ ವಾಸೆರ್, ಮೂರಕ್ಕೆ ತ್ರೀ, ಕೈಗೆ ಆಂಡ್. ಟೆನ್, ಫುಟ್, ವಾಟರ್‌ಗಳಲ್ಲಿ ಟ ಇರುವಲ್ಲೆಲ್ಲ ಇವನದು ಸ. ಇದು ಜರ್ಮನ್ನಿಂದ ಎತ್ತಿದ ಉಪಾಯ. ಖಾಲಿಯಾದ ಜಾಗಕ್ಕೆ (ಇಂಗ್ಲಿಷಿನ ಟ, ಹಳೆಯ ತ, ನಮ್ಮ ಲೆಕ್ಕಕ್ಕೆ ಎರಡೂ ಒಂದೇ) ಇಂಗ್ಲಿಷಿನ ಥ್ರೀಯಲ್ಲಿರುವ ಥ ಸರಿದು ತ ಆಗಿದೆ. ಪದದ ಮೊದಲಿನ ಹ ಬಿದ್ದುಹೋಗಿದೆ.

ಕೊಡಗಿನಲ್ಲಿ ಬೆಳೆದವರಿಗೆ ಇಂಥ ಲೆಕ್ಕ ಹೊಸದಲ್ಲ. ಕೊಡವರ ಮನೆಯಲ್ಲಿ ಪಾಲ್, ಪೂ. ನಮ್ಮಲ್ಲಿ ಹಾಲು, ಹೂ. ಅವರ ಪುತ್ತರಿ ನಮ್ಮ ಬಾಯಲ್ಲಿ ಹುತ್ತರಿ. ಅರ್ಥ ಎಲ್ಲಿಗೆ ಬೇಕಾದರೂ ಜಾರಬಹುದು ಅನ್ನುವುದೂ ಇಲ್ಲೇ ಕಲಿತದ್ದು: ನಮ್ಮ ನರಿ ಗುಳ್ಳೆನರಿ, ಕೊಡವರ ನರಿ ಹುಲಿ! ಹಾಗಾಗಿ ಅವನು ಎತ್ತಿಗೆ ದೀರ್ ಅಂದಾಗ ನಾನು ಬೆಚ್ಚಲಿಲ್ಲ. ಇಂಗ್ಲಿಷಿನ ಡಿಯರ್ ಜಿಂಕೆಯಾದರೂ ಅದರ ದಾಯಾದಿಯಾದ ಜರ್ಮನ್ನಿನ ಟೀರ್ ಅಂದರೆ ಯಾವುದೇ ಪ್ರಾಣಿ.

ನನ್ನನ್ನು ಸರಿಯಾಗಿ ಸತಾಯಿಸಿದ್ದು ಊಸ್. “ನಾಯಿ ಊಸ್‌ದೂರ್ ಹತ್ತಿರ ಮಲಗಿದೆ” ಅಂತ ವಾಕ್ಯ ಕೊಟ್ಟ. ದೂರ್ ಬಾಗಿಲು, ಸರಿ. ಆದರೆ ಊಸ್? ಹಳೆಯ ಹೂಸ್, ಅಂದರೆ ಮನೆ, ಹ ಕಳೆದುಕೊಂಡರೆ ಊಸ್. ಹಳೆಯ ಊತ್, ಅಂದರೆ ಹೊರಗೆ, ತ ಹೋಗಿ ಸ ಬಂದರೂ ಊಸ್. ಜರ್ಮನ್ನಿನಲ್ಲಿ ಹೌಸ್ ಮತ್ತು ಔಸ್ ನಡುವೆ ಒಂದು ಹಕಾರವಾದರೂ ಅಡ್ಡ ನಿಂತಿದೆ, ಈ ಮಹಾರಾಯ ಅದನ್ನೂ ಕಿತ್ತುಹಾಕಿದ್ದ. ಮನೆಬಾಗಿಲೋ ಹೊರಬಾಗಿಲೋ, ನಾಯಿಗಂತೂ ಎರಡೂ ಒಂದೇ.

ಇಂಥ ಕಡೆ ನಾನು ಪದಕ್ಕೊಂದು ಪ್ರತ್ಯಯ ಹಚ್ಚಿಸುತ್ತೇನೆ. “ಇದರ ಮುಂದೆ ಸ್ವರ ಬರುವ ರೂಪ ಯಾವುದಾದರೂ ಕಳಿಸು” ಅಂದೆ. ಊಜ಼ೆನ್ ಅಂತ ಬಂತು. ಅಲ್ಲಿಗೆ ಸಿಕ್ಕಿಬಿದ್ದ. ಇಂಗ್ಲಿಷಿನಲ್ಲಿ ಹೌಸ್ ಬಹುವಚನದಲ್ಲಿ ಹೌಜ಼ಸ್ ಆಗುವ ಹಾಗೆ, ಇವನಲ್ಲೂ ಎರಡು ಸ್ವರಗಳ ನಡುವಿನ ಸ ಮೆತ್ತಗಾಗುತ್ತದೆ. ಹಾಗಾದರೆ ವಾಸೆರ್ ಯಾಕೆ ವಾಜ಼ೆರ್ ಆಗಿಲ್ಲ? ಆ ನಿಯಮ ನಡೆದ ಕಾಲಕ್ಕೆ ಅದು ಇನ್ನೂ ವಾತೆರ್ ಆಗಿತ್ತು. ಸ ಬಂದದ್ದು ಆಮೇಲೆ. ಅಂದರೆ ಮೆತ್ತಗಾಗುವ ಸ ಹುಟ್ಟಿನಿಂದ ಸ, ಗಟ್ಟಿ ನಿಲ್ಲುವ ಸ ಹಿಂದೆ ತ. ಊಸ್ ಮನೆಯೇ. ನಿಯಮಗಳು ಏನೇನು ಅನ್ನುವುದಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ಮುಕ್ಕಾಲು ಉತ್ತರ ಸಿಗುತ್ತದೆ.

ಕಡ ತಂದ ಪದಕ್ಕೂ ಇದೇ ಲೆಕ್ಕ. ಬೀದಿಗೆ ಸ್ತ್ರಾಸ್ ಅಂದಿದ್ದ. ಮೂಲ ಲ್ಯಾಟಿನ್ನಿನ ಸ್ತ್ರಾತಾ, ಆದರೆ ಬಹಳ ಮುಂಚೆ ಬಂದದ್ದರಿಂದ ಜರ್ಮನ್ನಿನ ಸ್ಟ್ರಾಸೆಯ ಹಾಗೆ ಅದಕ್ಕೂ ಸ ಹತ್ತಿದೆ. ಚಹಾಕ್ಕೆ ಮಾತ್ರ ತೇ, ಮೂಲದಲ್ಲಿ ಥ ಇಲ್ಲದಿದ್ದರೂ ತ. ತಡವಾಗಿ ಬಂದ ನೆಂಟ.

ಈಚೆಗೆ ಬಂದದ್ದು ಪಂದ್. ಹಂದಿ ಮಾಂಸ ಅಂತ ಅರ್ಥ ಕೊಟ್ಟಿದ್ದ. ಮೊದಲಕ್ಷರ ಪ ಕಂಡ ಕೂಡಲೇ ಅನುಮಾನ ಬಂತು. ಜರ್ಮನ್ ಭಾಷಾಪಂಡಿತ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಪಲ್ಲಟದಲ್ಲಿ ಹಳೆಯ ಪ ಫ ಆಗಿದೆ: ಲ್ಯಾಟಿನ್ನಿನ ಪಾತೆರ್‌ಗೆ ಇಂಗ್ಲಿಷಿನಲ್ಲಿ ಫಾದರ್. ಖಾಲಿಯಾದ ಪ ಜಾಗಕ್ಕೆ ಹಳೆಯ ಬ ಸರಿದು ಬರಬೇಕಿತ್ತು, ಆದರೆ ಲ್ಯಾಟಿನ್, ಜರ್ಮಾನಿಕ್ ಎರಡಕ್ಕೂ ತಾಯಿಯಾದ ಮೂಲಭಾಷೆಯಲ್ಲೇ ಬಕಾರ ಅಪರೂಪ. ಅದಕ್ಕೇ ಜರ್ಮಾನಿಕ್‌ನಲ್ಲಿ ಪ ಹೊತ್ತು ಶುರುವಾಗುವ ಪದ ಬಹುಮಟ್ಟಿಗೆ ಹೊರಗಿನದು. ಪೌಂಡ್ ಲ್ಯಾಟಿನ್ನಿನದು, ಪೆಪ್ಪರ್ ನಮ್ಮ ಪಿಪ್ಪಲಿಯೇ, ಗ್ರೀಕ್, ಲ್ಯಾಟಿನ್ ದಾಟಿ ಹೋದದ್ದು. ಕನ್ನಡದಲ್ಲೂ ಇದೇ ಕತೆ: ಪ ಹ ಆದಮೇಲೆ ಪುಸ್ತಕ, ಪೂಜೆ, ಪೆನ್ನು ಅಂತ ಮೊದಲಲ್ಲಿ ಪ ಉಳಿಸಿಕೊಂಡವು ಹೆಚ್ಚಾಗಿ ಬೇರೆ ಕಡೆಯವೇ.

ಹಂದಿಗೆ ಪ ಇರುವ ಭಾಷೆ ನನ್ನ ಬೇಲಿಯಾಚೆಯೇ ಇದೆಯಲ್ಲ! “ಕೊಡವರ ಪಂದಿಕರಿ ಎಲ್ಲಿ ಹೊಡೆದೆಯೋ?” ಅಂತ ಬರೆದೆ. “ಮಾವ, ಸಿಕ್ಕಿಬಿಟ್ಟಿತಾ” ಅಂದ. ನಿನ್ನ ಭಾಷೆಯ ಜನ ಕೊಡಗಿಗೆ ಬಂದದ್ದು ಯಾವಾಗ, ತ ಸ ಆಗುವ ಮುಂಚೆಯೋ ಆಮೇಲೋ ಅಂತ ಕೇಳಿದ್ದೇನೆ. ಚರಿತ್ರೆ ಬರೆದು ಕಳಿಸುತ್ತಾನಂತೆ.