ಹೊಸ ಐಸ್ ಹಾಕಿ ಟೀಮಿನಲ್ಲಿ ಮೊದಲ ಮ್ಯಾಚ್ ಆಡೋಕೆ ಮುಂಚೆ

ಟೊರೊಂಟೊ ಕಡೆ ನಾಲ್ಕು ಚಳಿಗಾಲ ಕಳೆದ ಮೇಲೆ ಆಫೀಸಿನವರೊಬ್ಬರು "ನಮ್ಮ ಟೀಮಿಗೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ಬರ್ತೀರಾ?" ಅಂದರು. ಸುಮ್ನೆ ಹೂಂ ಅಂದುಬಿಟ್ಟೆ. ದೊಡ್ಡವರು ಮೋಜಿಗೆ ಆಡುವ ಇಂಥ ಲೀಗಿಗೆ ಇಲ್ಲಿ ಬೀರ್ ಲೀಗ್ ಅನ್ನುತ್ತಾರೆ. ನಿಮಗೂ ಹಾಗೇ ಕರೆ ಬಂದಿದ್ದರೆ ಇದನ್ನು ಓದಿ.

ಮೊದಲು ಟೈಮ್ ನೋಡಿಕೊಳ್ಳಿ. ಸಂಜೆಯ ಹೊತ್ತು ರಿಂಕ್, ಅಂದರೆ ಆಡುವ ಐಸ್ ಅಂಗಳ, ಮಕ್ಕಳಿಗೆ ಹೋಗುತ್ತದೆ, ನಮ್ಮಂಥವರಿಗೆ ಉಳಿಯುವುದು ರಾತ್ರಿ ಹತ್ತೂವರೆ. ಏಳು ಗಂಟೆಗೇ ಸ್ವಲ್ಪ ಊಟ ಮುಗಿಸಿ, ಹೊಟ್ಟೆ ತುಂಬ ಅನ್ನ ಸಾರು ಬೇಡ. ಜರ್ಸಿ ಯಾವ ಬಣ್ಣ ಅಂತ ಕ್ಯಾಪ್ಟನ್‌ನ ಕೇಳಿ, ಆದರೂ ಕಪ್ಪು ಒಂದು, ಬಿಳಿ ಒಂದು ಬ್ಯಾಗಿನಲ್ಲಿರಲಿ.

ಹೊಸ ಸ್ಕೇಟ್ ಆದರೆ ಸಾಣೆ ಹಿಡಿಸದೆ ಹೋಗಬೇಡಿ. ನಾನು ಹೋಗಿದ್ದೆ. ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ, ಗ್ರಾನೈಟ್ ನೆಲಕ್ಕೆ ಎಣ್ಣೆ ಸುರಿದು ಅದರ ಮೇಲೆ ನಿಲ್ಲಿಸಿದ ಹಾಗಿತ್ತು. "ಅರ್ಧ ಇಂಚು" ಅಂತ ಕೇಳಿ, ಸಾಣೆ ಹಿಡಿಯುವಾಗ ಬ್ಲೇಡಿನ ಅಡಿಯಲ್ಲಿ ಕೊರೆಯುವ ಬಾಗಿನ ಅಳತೆ ಅದು, ಹೆಚ್ಚಿನವರಿಗೆ ಸರಿಹೋಗುತ್ತದೆ. ಆಮೇಲೆ ಮ್ಯಾಚಿಗೆ ಮುಂಚೆ ಒಂದು ದಿನವಾದರೂ ಅದೇ ಸ್ಕೇಟಿನಲ್ಲಿ ಓಡಾಡಿ.

ಡ್ರೆಸಿಂಗ್ ರೂಮಿಗೆ ಮುಕ್ಕಾಲು ಗಂಟೆ ಮುಂಚೆ ಹೋಗಿ, ಯಾಕೆಂದರೆ ಹಾಕಿಕೊಳ್ಳುವುದಕ್ಕೇ ಒಂದು ಕ್ರಮ ಇದೆ. ಮೊದಲು ಕಪ್ (ತೊಡೆಸಂದಿಗೆ ಪೆಟ್ಟಾಗದ ಹಾಗೆ ಹಾಕುವುದು), ಶಿನ್ ಗಾರ್ಡ್, ಅದರ ಮೇಲೆ ಉದ್ದ ಸಾಕ್ಸ್, ಪ್ಯಾಂಟ್, ಆಮೇಲೆ ಸ್ಕೇಟ್. ಶೋಲ್ಡರ್ ಪ್ಯಾಡ್ ಹಾಕಿದ ಮೇಲೆ ಬಗ್ಗಿ ಲೇಸ್ ಕಟ್ಟುವುದು ಕಷ್ಟ, ಅದಕ್ಕೇ ಈ ಸಾಲು. ನಂತರ ಶೋಲ್ಡರ್, ಎಲ್ಬೋ, ಜರ್ಸಿ, ಹೆಲ್ಮೆಟ್. ಜರ್ಸಿ ಎಲ್ಲ ಹಾಕಿ ಎದ್ದು ನಿಂತ ಮೇಲೆ ಎಲ್ಬೋ ಪ್ಯಾಡ್ ಬ್ಯಾಗಿನಲ್ಲೇ ಕಂಡರೆ ಗಾಬರಿ ಬೇಡ, ಆ ರೂಮಿನಲ್ಲಿ ಎಲ್ಲರಿಗೂ ಒಂದಲ್ಲ ಒಂದು ಸಲ ಹಾಗೆ ಆಗಿರುತ್ತದೆ. ಕತ್ತಿನ ಗಾರ್ಡ್ ಮಾತ್ರ ಯಾರು ಹಾಕದಿದ್ದರೂ ನೀವು ಹಾಕಿ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮ್ಯಾಚ್ ನಡೆಯುವಾಗಲೇ ಆಡಂ ಜಾನ್ಸನ್ ಎಂಬ ವೃತ್ತಿಪರ ಆಟಗಾರ ಕತ್ತಿಗೆ ಸ್ಕೇಟಿನ ಬ್ಲೇಡ್ ತಗುಲಿ ತೀರಿಕೊಂಡರು.

ವಾರ್ಮ್ ಅಪ್‌ನಲ್ಲಿ ನಿಮ್ಮ ಗೋಲಿಯ (ಗೋಲ್‌ಕೀಪರ್‌ಗೆ ಇಲ್ಲಿ ಹಾಗನ್ನುತ್ತಾರೆ) ತಲೆಯ ಎತ್ತರಕ್ಕೆ ಹೊಡೆಯಬೇಡಿ. ಹೊಸಬರ ಮೇಲೆ ಬೇಗ ಸಿಟ್ಟು ಬರುವುದು ಇದಕ್ಕೇ.

ಎಲ್ಲಿ ಆಡ್ತೀರಿ ಅಂತ ಕೇಳಿದರೆ "ವಿಂಗ್" ಅನ್ನಿ, ಅಂದರೆ ಮುಂದಿನ ಸಾಲಿನ ಅಂಚಿನ ಜಾಗ. ನಡುವಿನ ಸೆಂಟರ್ ಆದರೆ 200 ಅಡಿ ಉದ್ದದ ರಿಂಕಿನ ಎರಡೂ ತುದಿಗೆ ಓಡಬೇಕು, ಡಿಫೆನ್ಸಿನಲ್ಲಿ ತಪ್ಪಿದರೆ ಹಿಂದೆ ಗೋಲಿ ಒಬ್ಬನೇ. ವಿಂಗಿನಲ್ಲಿದ್ದಾಗ ಪಕ್ (ಚೆಂಡಿನ ಬದಲು ಇಲ್ಲಿ ಹೊಡೆಯುವ ಚಪ್ಪಟೆ ರಬ್ಬರ್ ಬಿಲ್ಲೆ) ನಿಮ್ಮ ಗೋಲಿನ ಹತ್ತಿರ ಇದ್ದರೆ, ಅದರ ಹಿಂದೆ ಓಡದೆ, ನಿಮ್ಮ ಬದಿಯಲ್ಲಿ ನೀಲಿ ಗೆರೆ (ರಿಂಕಿಗೆ ಅಡ್ಡವಾಗಿ ಎಳೆದ ಎರಡರಲ್ಲಿ ನಿಮ್ಮ ಗೋಲಿನ ಕಡೆಯದು) ಹತ್ತಿರ ನಿಂತಿರುವ ಎದುರಾಳಿ ಡಿಫೆನ್ಸಿನವನನ್ನು ಕಾಯಿರಿ. ಎಲ್ಲರೂ ಪಕ್ ಸುತ್ತ ಗುಂಪುಗೂಡಿದರೆ ಅದು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ, ಅಲ್ವಾ?

ಕೊಡಗಿನಲ್ಲೋ ಬೆಂಗಳೂರಿನಲ್ಲೋ ಮೈದಾನದ ಹಾಕಿ ಆಡಿದವರಿಗೆ ಎರಡು ಮಾತು. ನಾನೂ ಮಡಿಕೇರಿಯಲ್ಲಿ ಶಾಲೆ ಓದುವಾಗ ಆಡಿದವನು, ಆ ಕೈಚಳಕ ಇಲ್ಲಿಗೂ ಬರುತ್ತದೆ. ನಮಗೆ ಎಡಗೈ ಮೇಲೆ, ಬಲಗೈ ಕೆಳಗೆ ಅಭ್ಯಾಸ, ಹಾಗಾಗಿ ರೈಟ್ ಸ್ಟಿಕ್ಕೇ ತೆಗೆದುಕೊಳ್ಳಿ. ಇಲ್ಲಿ ಬಲಗೈಯವರೇ ಎಷ್ಟೋ ಜನ ಲೆಫ್ಟ್ ಸ್ಟಿಕ್ ಹಿಡಿಯುತ್ತಾರೆ, ಅದನ್ನು ನೋಡಿ ಮೋಸ ಹೋಗಬೇಡಿ. ಸ್ಟಿಕ್ಕಿನ ತುದಿಯ ಬ್ಲೇಡಿನ ಎರಡೂ ಬದಿಯಿಂದ ಹೊಡೆಯಬಹುದು, ಪಕ್ ಕಾಲಿಗೆ ತಗುಲಿದರೆ ಫೌಲ್ ಇಲ್ಲ, ಕಾಲಲ್ಲಿ ಒದ್ದು ಗೋಲ್ ಮಾಡುವಂತಿಲ್ಲ ಅಷ್ಟೆ. ಎಡವುವುದು ಆಫ್‌ಸೈಡಿನಲ್ಲಿ. ಮೈದಾನದ ಹಾಕಿ ಆಫ್‌ಸೈಡ್ ಬಿಟ್ಟು ಕಾಲ ಆಯಿತು, ನಾವು ಮುಂದೆ ಹೋಗಿ ನಿಂತು ಕಾಯುತ್ತೇವೆ. ಇಲ್ಲಿ ಎದುರಾಳಿ ಕಡೆಯ ನೀಲಿ ಗೆರೆಯನ್ನು ಮೊದಲು ಪಕ್ ದಾಟಬೇಕು, ಆಮೇಲೆ ನೀವು.

ಇನ್ನು ಶಿಫ್ಟ್, ಅಂದರೆ ಒಂದು ಸಲಕ್ಕೆ ಐಸ್ ಮೇಲಿದ್ದು ಆಡುವ ಹೊತ್ತು. ಟೀಮಿನವರು ನಿಮ್ಮ ಆಟ ಎಷ್ಟು ಚೆನ್ನಾಗಿದೆ ಅಂತ ಅಷ್ಟಾಗಿ ನೋಡುವುದಿಲ್ಲ, ಟೈಮಿಗೆ ಸರಿಯಾಗಿ ಹೊರಗೆ ಬರ್ತೀರಾ ಅಂತ ನೋಡುತ್ತಾರೆ. ಮುಕ್ಕಾಲು ನಿಮಿಷ, ಜಾಸ್ತಿ ಅಂದರೆ ಒಂದು ನಿಮಿಷ, ಆಮೇಲೆ ಬೆಂಚಿಗೆ. ನಾನು ಮೊದಲ ಸಲ ಎರಡೂವರೆ ನಿಮಿಷ ಒಳಗೇ ಇದ್ದೆ, ಕರೆಯುತ್ತಿದ್ದದ್ದು ಕೇಳಿಸಲಿಲ್ಲ, ಬಂದು ಕೂತಾಗ ಉಸಿರೂ ಇಲ್ಲ, ಪಕ್ಕದವರ ಮಾತೂ ಇಲ್ಲ. ಪಕ್ ಎದುರಾಳಿಯ ತುದಿಯಲ್ಲಿದ್ದಾಗ ಬದಲಾಗಿ, ನಮ್ಮ ಗೋಲಿನ ಮುಂದೆ ಗಲಾಟೆ ನಡೆಯುವಾಗ ಎಷ್ಟೇ ಸುಸ್ತಾದರೂ ಹೊರಡಬೇಡಿ. ಯಾರ ಜಾಗಕ್ಕೆ ಇಳಿಯಬೇಕು ಅನ್ನುವುದು ಮೊದಲೇ ಗೊತ್ತಿರಲಿ, ಅವರು ಬೆಂಚಿನ ಹತ್ತಿರ ಬರುವ ತನಕ ಇಳಿಯಬೇಡಿ. ಒಬ್ಬರು ಹೆಚ್ಚಾದರೆ ಟೀಮಿಗೆ ಎರಡು ನಿಮಿಷದ ಪೆನಾಲ್ಟಿ.

ಬೀರ್ ಲೀಗಿನಲ್ಲಿ ಮೈಗೆ ಗುದ್ದುವುದು ಇಲ್ಲ, ಆದರೆ ಬ್ರೇಕ್ ಹಾಕಲು ಬಾರದ ನಮ್ಮಂಥವರು ಇರುತ್ತೇವೆ, ಗೋಡೆ ಹತ್ತಿರ ತಲೆ ಎತ್ತಿಕೊಂಡೇ ಇರಿ. ಬಿದ್ದರೆ ಬೆರಳು ಮುಷ್ಟಿಯೊಳಗೆ ಎಳೆದುಕೊಂಡು ಏಳಿ.

ಮುಗಿದ ಮೇಲೆ ಮೊದಲು ನಿಮ್ಮ ಗೋಲಿಯ ಹತ್ತಿರ ಹೋಗಿ ಪ್ಯಾಡಿಗೆ ಸ್ಟಿಕ್ಕಿನಿಂದ ಮೆಲ್ಲಗೆ ತಟ್ಟಿ, ಆಮೇಲೆ ಸಾಲಿನಲ್ಲಿ ನಿಂತು ಎದುರು ಟೀಮಿನವರ ಕೈ ಕುಲುಕಿ. ಬೀರ್ ಕುಡಿಯದಿದ್ದರೂ ಹತ್ತು ನಿಮಿಷ ಕೂತು ಹರಟಿ, ಮುಂದಿನ ವಾರ ಕರೆಯುವುದು ಅಲ್ಲೇ ನಿರ್ಧಾರ ಆಗುತ್ತದೆ. ಹೊರಡುವ ಮುಂಚೆ ಸ್ಕೇಟಿನ ಬ್ಲೇಡ್ ಒರೆಸಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಎಲ್ಲ ಹೊರಗೆ ತೆಗೆದು ಹರಡಿ. ನಮ್ಮ ಮನೆಯಲ್ಲಿ ಆ ಬ್ಯಾಗಿಗೆ ಗ್ಯಾರೇಜ್ ದಾಟಿ ಒಳಗೆ ಪ್ರವೇಶ ಇಲ್ಲ.