ಗ್ರಾಚ್ಯುಟಿ: ಲೆಕ್ಕ ಹಾಕೋದು ಹೇಗೆ, ಕೇಳೋದು ಹೇಗೆ, ಕೊಡೋದು ಹೇಗೆ

ಪಿಎಫ್ ದುಡ್ಡು ಎಷ್ಟಾಗಿದೆ ಅಂತ ಮೊಬೈಲ್‌ನಲ್ಲೇ ನೋಡಿಬಿಡಬಹುದು. ಗ್ರಾಚ್ಯುಟಿ ಹಾಗಲ್ಲ. ಅದಕ್ಕೆ ಪಾಸ್‌ಬುಕ್ ಇಲ್ಲ. ದುಡಿದ ವರ್ಷಗಳಿಗಾಗಿ, ಕೆಲಸ ಬಿಡುವಾಗ ಮಾಲೀಕರು ಒಮ್ಮೆಗೇ ಲೆಕ್ಕ ಹಾಕಿ ಕೊಡಬೇಕಾದ ದುಡ್ಡು ಅದು. ಹಾಗಾಗಿ ಜಗಳ ಶುರುವಾಗೋದೂ ಆಗಲೇ. ಆ ಜಗಳ ಹೆಚ್ಚಾಗಿ ಕಾನೂನಿನ ಬಗ್ಗೆ ಇರೋದಿಲ್ಲ. ಸೇರಿದ್ದು ಯಾವಾಗ, ಬಿಟ್ಟಿದ್ದು ಯಾವಾಗ, ಕೊನೆಯ ಸಂಬಳ ಎಷ್ಟು, ಇಷ್ಟೇ. ಈ ಮೂರಕ್ಕೂ ಕಾಗದ ಇದ್ದರೆ ಮಾಲೀಕರಿಗೂ ತಲೆನೋವಿಲ್ಲ, ನೌಕರರಿಗೂ ಅಲೆದಾಟವಿಲ್ಲ.

1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಐವತ್ತು ವರ್ಷಕ್ಕೂ ಜಾಸ್ತಿ ನಡೆಯಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಬಹುಪಾಲು ಹಳೆಯದೇ ಮುಂದುವರಿದಿದೆ. ಎರಡು ಬದಲಾವಣೆ ಮಾತ್ರ ದೊಡ್ಡವು, ಅವು ಮುಂದೆ ಬರುತ್ತವೆ.

ಮೊದಲು: ನಿಮಗೆ ಅನ್ವಯಿಸುತ್ತದೆಯೇ?

ಅಂಗಡಿ, ಆಸ್ಪತ್ರೆ, ಶಾಲೆ ಯಾವುದೇ ಇರಲಿ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುತ್ತಿದ್ದರೆ ಗ್ರಾಚ್ಯುಟಿ ಉಂಟು. ಕಾರ್ಖಾನೆಗೆ ಈ ಹತ್ತರ ಷರತ್ತೂ ಇಲ್ಲ. ಒಮ್ಮೆ ಅನ್ವಯಿಸಿದ ಮೇಲೆ ಜನ ಎಂಟಕ್ಕೆ ಇಳಿದರೂ ಬಿಡುಗಡೆ ಇಲ್ಲ. ‘ಈಗ ನಮ್ಮಲ್ಲಿ ಏಳೇ ಜನ ಸಾರ್’ ಅನ್ನೋ ಮಾತು ನಡೆಯೋದಿಲ್ಲ. ಖಾಸಗಿ ಶಾಲೆಯ ಶಿಕ್ಷಕರಿಗೆ ಇಲ್ಲ ಅನ್ನೋ ನಂಬಿಕೆ ಇನ್ನೂ ಹಲವರಲ್ಲಿದೆ. 2009ರ ತಿದ್ದುಪಡಿ ಅವರನ್ನೂ ಸೇರಿಸಿತು, ಅದೂ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ. ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನು ಎತ್ತಿಹಿಡಿದಿದೆ.

ಇನ್ನು ವರ್ಷದ ಲೆಕ್ಕ. ಕಾಯಂ ನೌಕರರಿಗೆ ಐದು ವರ್ಷ ಸತತ ಸೇವೆ ಬೇಕು. ಕಾಯಿಲೆ ರಜೆ, ಲೇಆಫ್ (ಕೆಲಸವಿಲ್ಲ ಅಂತ ತಾತ್ಕಾಲಿಕವಾಗಿ ಕೂರಿಸೋದು), ಹೆರಿಗೆ ರಜೆ ಇವುಗಳಿಂದ ಸೇವೆ ಕಡಿದುಹೋಗೋದಿಲ್ಲ. ನೌಕರ ತೀರಿಕೊಂಡರೆ, ಅಥವಾ ಅಪಘಾತ, ಕಾಯಿಲೆಯಿಂದ ಕೆಲಸ ಮಾಡಲಾಗದ ಸ್ಥಿತಿ ಬಂದರೆ ಐದು ವರ್ಷದ ಷರತ್ತೇ ಇಲ್ಲ. ನಿಗದಿತ ಅವಧಿಗೆ ಅಂತ ನೇಮಕವಾದವರಿಗೆ ಈಗ ಒಂದು ವರ್ಷ ಸಾಕು. ಇದು ಮೊದಲ ದೊಡ್ಡ ಬದಲಾವಣೆ.

ನಾಲ್ಕು ವರ್ಷ ಮುಗಿದು ಐದನೇ ವರ್ಷದಲ್ಲಿ 240 ದಿನ ಆದರೆ ಸಾಕಲ್ವಾ ಅಂತ ಕೇಳುವವರು ಬಹಳ. ಮದ್ರಾಸ್ ಹೈಕೋರ್ಟ್ ಸಾಕು ಅಂದಿದೆ. ಆದರೆ ಎಲ್ಲ ಕಂಪನಿಗಳೂ ಒಪ್ಪೋದಿಲ್ಲ. ರಾಜೀನಾಮೆ ದಿನಾಂಕ ನಿಮ್ಮ ಕೈಯಲ್ಲೇ ಇದ್ದರೆ, ಸುಮ್ನೆ ಐದು ತುಂಬಿಸಿಯೇ ಹೊರಡಿ.

ಲೆಕ್ಕ ಹೀಗೆ

ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ. ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. ವರ್ಷಕ್ಕೆ 15 ದಿನದ ಸಂಬಳ ಅನ್ನೋದು ಇದರ ಅರ್ಥ. ಭಾನುವಾರ ಕಳೆದರೆ ತಿಂಗಳಿಗೆ 26 ದಿನ ದುಡಿಮೆ, ಅದಕ್ಕೇ 26. ಕೊನೆಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಉಳಿದರೆ ಅದನ್ನೂ ಒಂದು ವರ್ಷ ಅಂತಲೇ ಹಿಡಿಯಬೇಕು.

ಪೀಣ್ಯದ ಒಂದು ಕಾರ್ಖಾನೆಯ ಲೇತ್ ಆಪರೇಟರ್ ಅಂದುಕೊಳ್ಳಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 18,000 ರೂಪಾಯಿ. ಸೇವೆ 12 ವರ್ಷ 7 ತಿಂಗಳು, ಅಂದರೆ ಲೆಕ್ಕಕ್ಕೆ 13. ಸಿಗಬೇಕಾದದ್ದು 1,35,000 ರೂಪಾಯಿ. ಅದೇ 12 ವರ್ಷ 5 ತಿಂಗಳಿಗೆ ಬಿಟ್ಟಿದ್ದರೆ ಹತ್ತು ಸಾವಿರ ಚಿಲ್ಲರೆ ಕೈತಪ್ಪುತ್ತಿತ್ತು.

ಎರಡನೇ ದೊಡ್ಡ ಬದಲಾವಣೆ ಇರೋದು ಇಲ್ಲೇ. ಎಷ್ಟೋ ಕಡೆ ಮೂಲ ವೇತನ ಕಡಿಮೆ ತೋರಿಸಿ, ಉಳಿದದ್ದನ್ನು ಮನೆ ಬಾಡಿಗೆ, ಪ್ರಯಾಣ, ‘ವಿಶೇಷ ಭತ್ಯೆ’ ಅಂತ ಹಂಚುವ ರೂಢಿ ಇತ್ತು. ಈಗ ಹೀಗೆ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ಒಟ್ಟು 40,000, ಅದರಲ್ಲಿ ಮೂಲ ವೇತನ 12,000 ಅಂತಿಟ್ಟುಕೊಳ್ಳಿ. ಭತ್ಯೆ 28,000, ಅರ್ಧಕ್ಕಿಂತ 8,000 ಜಾಸ್ತಿ. ಹಾಗಾಗಿ ಗ್ರಾಚ್ಯುಟಿಗೆ ವೇತನ 20,000. ಹದಿಮೂರು ವರ್ಷಕ್ಕೆ 90,000 ಅಲ್ಲ, 1,50,000. ಸಂಬಳದ ಸ್ಲಿಪ್ ತೆಗೆದು ಇವತ್ತೇ ಒಮ್ಮೆ ನೋಡಿ. ಮಾಲೀಕರು ಕೂಡ, ಯಾಕೆಂದರೆ ಮುಂದೆ ಕೊಡಬೇಕಾದ ಮೊತ್ತ ಇದರಿಂದ ಏರುತ್ತದೆ.

ಆಫರ್ ಲೆಟರ್‌ನಲ್ಲಿ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಪಟ್ಟಿಯ ಕೆಳಗೆ ಗ್ರಾಚ್ಯುಟಿ ಮೂಲ ವೇತನದ ಶೇ 4.81 ಅಂತ ಇರುತ್ತದೆ, ಗಮನಿಸಿದ್ದೀರಾ? 15 ಭಾಗಿಸು 26, ಅದನ್ನು 12 ತಿಂಗಳಿಗೆ ಹಂಚಿದರೆ ಬರೋದು ಅದೇ. ಕಾಯಂ ಕೆಲಸದಲ್ಲಿ ಮೂರು ವರ್ಷಕ್ಕೇ ಬಿಟ್ಟರೆ ಕಾನೂನಿನ ಪ್ರಕಾರ ಅದು ಕೈಗೆ ಬರೋದಿಲ್ಲ. ಪ್ಯಾಕೇಜ್ ದೊಡ್ಡದಾಗಿ ಕಾಣಲಿ ಅಂತ ಹಾಕಿದ ಅಂಕಿ ಅಂತಲೇ ನನ್ನ ಅನಿಸಿಕೆ. ಸಂಬಳ ಹೋಲಿಸುವಾಗ ಅದನ್ನು ಕಳೆದು ನೋಡಿ.

ಕಾನೂನಿನ ಪ್ರಕಾರ ಗ್ರಾಚ್ಯುಟಿಯ ಗರಿಷ್ಠ ಮಿತಿ 20 ಲಕ್ಷ ರೂಪಾಯಿ. ಅಲ್ಲಿಯವರೆಗೆ ಆದಾಯ ತೆರಿಗೆಯೂ ಇಲ್ಲ.

ಕೇಳುವ ಕ್ರಮ

ಕೆಲಸ ಬಿಟ್ಟ 30 ದಿನದೊಳಗೆ ಲಿಖಿತ ಅರ್ಜಿ ಕೊಡಿ. ಸೇರಿದ ದಿನ, ಬಿಟ್ಟ ದಿನ, ಕೊನೆಯ ವೇತನ, ಬ್ಯಾಂಕ್ ಖಾತೆ ಬರೆಯಿರಿ. ಒಂದು ಪ್ರತಿಗೆ ಸ್ವೀಕೃತಿ ಸಹಿ, ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ರಸೀದಿ ಎತ್ತಿಡಿ. ನೇಮಕಾತಿ ಪತ್ರ ಕಳೆದುಹೋಗಿದ್ದರೆ ಇಎಸ್ಐ ಕಾರ್ಡ್, ಪಿಎಫ್ ಪಾಸ್‌ಬುಕ್‌ನಲ್ಲಿರುವ ಸೇರ್ಪಡೆ ದಿನಾಂಕ, ಮೊದಲ ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ನೆರವಿಗೆ ಬರುತ್ತವೆ.

ಮಾಲೀಕರು ಗಮನಿಸಬೇಕಾದದ್ದು: ನೌಕರ ಅರ್ಜಿ ಕೊಡದಿದ್ದರೂ ಲೆಕ್ಕ ಹಾಕಿ ತಿಳಿಸುವ ಹೊಣೆ ನಿಮ್ಮದೇ. 30 ದಿನದೊಳಗೆ ಕೊಡಬೇಕು. ತಡವಾದರೆ ಬಡ್ಡಿ ಸೇರುತ್ತದೆ. 1972ರ ಕಾಯ್ದೆಯಡಿ ಅದು ವರ್ಷಕ್ಕೆ ಶೇ 10 ಸರಳ ಬಡ್ಡಿ ಇತ್ತು. ಮೇಲಿನ ಲೇತ್ ಆಪರೇಟರ್ ಲೆಕ್ಕದಲ್ಲಿ ವರ್ಷಕ್ಕೆ 13,500. ಒಮ್ಮೆಲೇ ಮೂರ್ನಾಲ್ಕು ಹಳಬರು ನಿವೃತ್ತರಾದರೆ ಸಣ್ಣ ಕಾರ್ಖಾನೆಯ ಗಲ್ಲಾ ಖಾಲಿಯಾಗುತ್ತದೆ. ಕರ್ನಾಟಕ 2024ರ ಜನವರಿಯಲ್ಲಿ ಗ್ರಾಚ್ಯುಟಿ ವಿಮೆ ಕಡ್ಡಾಯ ಮಾಡಿ ನಿಯಮ ತಂದಿದ್ದು ಅದಕ್ಕೇ.

‘ನೋಟಿಸ್ ಪೀರಿಯಡ್ ಮುಗಿಸಲಿಲ್ಲ, ಗ್ರಾಚ್ಯುಟಿ ಇಲ್ಲ’ ಅನ್ನುವಂತಿಲ್ಲ. ತಡೆಹಿಡಿಯಲು ಕಾನೂನಿನಲ್ಲಿ ಇರೋದು ಕೆಲವೇ ಕಾರಣ. ಬೇಕಂತಲೇ ಅಥವಾ ಅಸಡ್ಡೆಯಿಂದ ಆಸ್ತಿ ಹಾಳು ಮಾಡಿ ಕೆಲಸದಿಂದ ತೆಗೆಸಿಕೊಂಡರೆ, ಆದ ನಷ್ಟದಷ್ಟು ಮಾತ್ರ ಕಳೆಯಬಹುದು. ಹೊಡೆದಾಟ, ಅಥವಾ ಕೆಲಸದ ನಡುವೆ ಎಸಗಿದ ನೈತಿಕ ಅಧಃಪತನದ (ಕಳ್ಳತನ, ವಂಚನೆಯಂಥ) ಅಪರಾಧಕ್ಕೆ ವಜಾ ಆದರೆ ಪೂರ್ತಿಯಾಗಿಯೂ ತಡೆಯಬಹುದು. ‘ಗ್ರಾಚ್ಯುಟಿ ಬೇಡ’ ಅಂತ ಸೇರುವಾಗ ಸಹಿ ಹಾಕಿಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ.

ಕೊಡದಿದ್ದರೆ?

ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ. ಬ್ಯಾಂಕ್, ರೈಲ್ವೆ, ಅಥವಾ ಬೇರೆ ರಾಜ್ಯಗಳಲ್ಲೂ ಶಾಖೆ ಇರುವ ಕಂಪನಿಯಾದರೆ ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ಕಚೇರಿ. ಇಲ್ಲಿ ಎಡವಿದರೆ ಸುಮ್ಮನೆ ತಿಂಗಳುಗಳು ವ್ಯರ್ಥ, ಮೊದಲೇ ವಿಚಾರಿಸಿಕೊಳ್ಳಿ. ಹಳೆಯ ನಿಯಮದಲ್ಲಿ ದೂರಿಗೆ 90 ದಿನದ ಗಡುವಿತ್ತು, ಅದನ್ನೇ ತಲೆಯಲ್ಲಿಟ್ಟುಕೊಂಡು ಹೊರಡಿ. ಇಬ್ಬರನ್ನೂ ಕರೆಸಿ, ದಾಖಲೆ ನೋಡಿ ಅಧಿಕಾರಿ ಆದೇಶ ಮಾಡುತ್ತಾರೆ. ಆಮೇಲೂ ಕಟ್ಟದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಲು ಅವಕಾಶವಿದೆ. ಮೇಲ್ಮನವಿಗೆ 60 ದಿನ ಸಮಯ. ಆದರೆ ಮಾಲೀಕರು ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತವನ್ನು ಮೊದಲು ಠೇವಣಿ ಇಡಲೇಬೇಕು.